ಒಂದು ಇಂಗ್ಲಿಷ್ ಪದದ ಬೇರು ಹುಡುಕುವುದು ಹೇಗೆ? ‘ಬೋರ್’ ಹಿಡಿದು ಒಂದು ಸಮಗ್ರ ಮಾರ್ಗದರ್ಶಿ

ಕಳೆದ ಬೇಸಿಗೆಯಲ್ಲಿ ಚಿಂತಾಮಣಿ ಕಡೆಯ ನಮ್ಮ ಊರಲ್ಲಿ ತೋಟಕ್ಕೆ ಬೋರ್ ಕೊರೆಸುತ್ತಿದ್ದೆವು. ರಾತ್ರಿ ಎರಡು ಗಂಟೆ. ರಿಗ್ ಲಾರಿಯ ಸದ್ದಿಗೆ ಮಾತು ಕೇಳಿಸುತ್ತಿರಲಿಲ್ಲ. 800 ಅಡಿ ದಾಟಿದ್ದರೂ ಮೇಲೆ ಬರುತ್ತಿದ್ದದ್ದು ಬರೀ ಬಿಳಿ ಪುಡಿ. ಅಣ್ಣನ ಮಗಳು ಚಾಪೆಯ ಮೇಲೆ ಕೂತು ಆಕಳಿಸುತ್ತಾ, “ಚಿಕ್ಕಪ್ಪ, ಬೋರ್ ಹೊಡೀತಿದೆ” ಅಂದಳು. ಆಮೇಲೆ ತಾನೇ ನೆಟ್ಟಗೆ ಕೂತು ಕೇಳಿದಳು: “ಈ ಬೋರೂ ಆ ಬೋರೂ ಒಂದೇನಾ?”

ಆಗ ನನಗೆ ಉತ್ತರ ಗೊತ್ತಿರಲಿಲ್ಲ. ಊರಿಂದ ಬಂದ ಮೇಲೆ ಕೆಲವು ವಾರ ಆ ಒಂದೇ ಪದದ ಹಿಂದೆ ಬಿದ್ದೆ. ಹುಡುಕಿದ ದಾರಿಯನ್ನೇ ಇಲ್ಲಿ ಹಂತ ಹಂತವಾಗಿ ಬರೆಯುತ್ತಿದ್ದೇನೆ. ಭಾಷಾವಿಜ್ಞಾನ ಓದಿರಬೇಕಾಗಿಲ್ಲ. ಒಂದಿಷ್ಟು ಚೀಟಿ, ಒಂದು ಪೆನ್ನು, ಇಂಟರ್ನೆಟ್ಟಿನಲ್ಲಿ ಸಿಗುವ ಒಂದೆರಡು ಒಳ್ಳೆಯ ನಿಘಂಟು ಇದ್ದರೆ ಸಾಕು.

ಹಂತ 1: ಅರ್ಥ ಹುಡುಕಬೇಡಿ, ವಾಕ್ಯ ಹಿಡಿಯಿರಿ

ಎಲ್ಲರೂ ಮೊದಲು ನಿಘಂಟು ತೆಗೆಯುತ್ತಾರೆ. ಹಾಗೆ ಮಾಡಬೇಡಿ. ನಿಘಂಟು ತೆಗೆದ ಕೂಡಲೇ ನಿಮ್ಮ ಕಿವಿ ಮುಚ್ಚಿಹೋಗುತ್ತದೆ. ಮೊದಲು ಜನ ಆ ಪದವನ್ನು ಹೇಗೆ ಆಡುತ್ತಾರೆ ಎಂದು ಕೇಳಿಸಿಕೊಳ್ಳಿ. ಒಂದು ಚೀಟಿಗೆ ಒಂದೇ ವಾಕ್ಯ. ಯಾರು, ಎಲ್ಲಿ, ಯಾವಾಗ ಹೇಳಿದರು ಎಂದು ಕೆಳಗೆ ಬರೆಯಿರಿ. ನನ್ನ ಚೀಟಿಗಳು ಹೀಗಿದ್ದವು:

“ಹೋದ ವರ್ಷ ಹಾಕಿಸಿದ ಬೋರು ಬತ್ತಿಹೋಯ್ತು.” ಇದು ಪಕ್ಕದ ತೋಟದವರದು.
“ಇಂಜಿನ್ ಬೋರ್‌ಗೆ ಬಂದಿದೆ ಸಾರ್.” ನನ್ನ ಬೈಕ್ ನೋಡುವ ಮೆಕ್ಯಾನಿಕ್ ಹೇಳಿದ್ದು.
“ನಮ್ಮಜ್ಜನದು ಟ್ವೆಲ್ವ್ ಬೋರ್ ಕೋವಿ.” ಮಡಿಕೇರಿಯ ಗೆಳೆಯ.
“ಗಿಡಕ್ಕೆ ಬೋರರ್ ಬಿದ್ದಿದೆ.” ಚಿಕ್ಕಮಗಳೂರಿನ ಕಾಫಿ ಬೆಳೆಗಾರರೊಬ್ಬರು.
“ಸೆಕೆಂಡ್ ಹಾಫ್ ಸಖತ್ ಬೋರು.” ಇದನ್ನು ಯಾರು ಹೇಳಿಲ್ಲ!

ಇಂಗ್ಲಿಷ್ ಓದುವಾಗ ಇನ್ನೆರಡು ಸಿಕ್ಕವು. ಒಂದು, ನದಿಯೊಳಗೆ ಹಿಮ್ಮುಖವಾಗಿ ನುಗ್ಗುವ ಉಬ್ಬರದ ಅಲೆಗೂ ಬೋರ್ ಎನ್ನುತ್ತಾರೆ. ಇನ್ನೊಂದು, ನೋವು ಸಹಿಸಿದಳು, ಭಾರ ಹೊತ್ತಳು, ಮಗು ಹೆತ್ತಳು ಎನ್ನುವಾಗಲೂ ಅದೇ ಬಿ-ಓ-ಆರ್-ಇ.

ಈ ಚೀಟಿ ಪದ್ಧತಿ ನಾನು ಕಟ್ಟಿದ್ದಲ್ಲ. ಇಂಗ್ಲಿಷಿನ ಅತಿ ದೊಡ್ಡ ನಿಘಂಟು, ಆಕ್ಸ್‌ಫರ್ಡ್ ನಿಘಂಟು, ಹೀಗೇ ಆದದ್ದು. 1857ರಲ್ಲಿ ಲಂಡನ್ನಿನ ಭಾಷಾಶಾಸ್ತ್ರ ಸಂಘದಲ್ಲಿ ಅದರ ಯೋಚನೆ ಶುರುವಾಯಿತು. ಸಾವಿರಾರು ಸಾಮಾನ್ಯ ಓದುಗರು ತಾವು ಓದಿದ ಪುಸ್ತಕಗಳಿಂದ ವಾಕ್ಯಗಳನ್ನು ಚೀಟಿಯಲ್ಲಿ ಬರೆದು ಅಂಚೆಯಲ್ಲಿ ಕಳಿಸಿದರು. ಸಂಪಾದಕ ಜೇಮ್ಸ್ ಮರ್ರೆ ಮನೆಯ ತೋಟದಲ್ಲಿ ತಗಡಿನ ಶೆಡ್ ಹಾಕಿಸಿ, ಗೂಡುಗೂಡಾಗಿ ಅವನ್ನು ಜೋಡಿಸಿಟ್ಟರು. ಮೊದಲ ಕಂತು ಬಂದದ್ದು 1884ರಲ್ಲಿ. ಕೆಲಸ ಮುಗಿದದ್ದು 1928ರಲ್ಲಿ. ಅಷ್ಟರಲ್ಲಿ ಮರ್ರೆ ತೀರಿಕೊಂಡು 13 ವರ್ಷ ಆಗಿತ್ತು. ಚೀಟಿ ಬರೆಯುವಾಗ ನನಗೆ ಆ ಹೆಸರಿಲ್ಲದ ಓದುಗರು ನೆನಪಾಗುತ್ತಾರೆ.

ಹಂತ 2: ಪಕ್ಕದ ಪದ ನೋಡಿ, ಗುಂಪು ಮಾಡಿ

ಈಗ ಚೀಟಿಗಳನ್ನು ನೆಲದ ಮೇಲೆ ಹರಡಿ. ನಿಮ್ಮ ಪದದ ಜೊತೆ ಯಾವ ಕ್ರಿಯಾಪದ ಬಂದಿದೆ ನೋಡಿ. ಬೋರ್ ಕೊರೆಸುತ್ತೇವೆ, ಹಾಕಿಸುತ್ತೇವೆ. ಬೋರ್ ಬತ್ತುತ್ತದೆ, ಫೇಲ್ ಆಗುತ್ತದೆ. ಬೇಜಾರಿನ ಬೋರ್ ಮಾತ್ರ ಹೊಡೆಯುತ್ತದೆ. ಕನ್ನಡಕ್ಕೆ ಈ ‘ಹೊಡೆ’ ತುಂಬಾ ಇಷ್ಟ. ನಿದ್ದೆ ಹೊಡೆಯುತ್ತೇವೆ, ಗಬ್ಬು ಹೊಡೆಯುತ್ತದೆ, ಫೋನ್ ಹೊಡೆಯುತ್ತೇವೆ. ಬೋರ್ ಕೂಡ ಆ ಸಾಲಿಗೆ ಸೇರಿಕೊಂಡಿತು. ತೋಟದಲ್ಲಿ ನಿಂತು “ಬೋರ್ ಹೊಡೀತಿದೆ” ಅಂದರೆ ನೀರು ಬಂತು ಎಂದು ಯಾರೂ ತಿಳಿಯುವುದಿಲ್ಲ. ಹೀಗೆ ಕ್ರಿಯಾಪದವೇ ಗುಂಪು ಮಾಡಿಕೊಡುತ್ತದೆ.

ನನ್ನ ಚೀಟಿಗಳು ನಾಲ್ಕು ಗುಂಪಾದವು: ತೂತಿನ ಬೋರ್, ಬೇಜಾರಿನ ಬೋರ್, ಅಲೆಯ ಬೋರ್, ಹೊತ್ತ ಬೋರ್.

ಹಂತ 3: ಒಂದೇ ಪದವೋ, ಬೇರೆ ಪದಗಳೋ?

ಇಲ್ಲಿ ಅವಸರ ಬೇಡ. ಉಳಿದ ಕೆಲಸವೆಲ್ಲ ಇದರ ಮೇಲೆ ನಿಂತಿದೆ.

ಮೊದಲು ಕನ್ನಡದ್ದೇ ಉದಾಹರಣೆ ನೋಡೋಣ. ಮುಖದ ಕಣ್ಣು, ತೆಂಗಿನಕಾಯಿಯ ಕಣ್ಣು, ಕಬ್ಬಿನ ಗೆಣ್ಣಿನಲ್ಲಿ ಮೊಳಕೆ ಒಡೆಯುವ ಕಣ್ಣು. ಇವು ಒಂದೇ ಪದ, ಅರ್ಥ ಕವಲು ಒಡೆದಿದೆ ಅಷ್ಟೆ. ಆದರೆ ದೊರೆ ಎಂಬ ‘ಅರಸು’, ಹುಡುಕು ಎಂಬ ‘ಅರಸು’ ಹಾಗಲ್ಲ. ಅವು ಬೇರೆ ಬೇರೆ ಹುಟ್ಟಿನ ಎರಡು ಪದ. ಉಚ್ಚಾರ ಮಾತ್ರ ಒಂದೇ.

ಇದನ್ನು ನಿಘಂಟಿನಲ್ಲಿ ತಿಳಿಯುವುದು ಸುಲಭ. ಪದದ ಪಕ್ಕ ಮೇಲುಗಡೆ ಚಿಕ್ಕ ಅಂಕಿ ಇದೆಯಾ ನೋಡಿ. ಬೋರ್‌ಗೆ 1, 2, 3 ಎಂದು ಬೇರೆ ಬೇರೆ ನಮೂದು ಇರುತ್ತದೆ. ಅಂಕಿ ಬದಲಾದರೆ ಬೇರೆ ಪದ ಎಂದು ಲೆಕ್ಕ. ಒಂದೇ ನಮೂದಿನ ಒಳಗೆ ಸಾಲಾಗಿ ಕೊಟ್ಟಿರುವವು ಒಂದೇ ಪದದ ಹಲವು ಅರ್ಥಗಳು. ತುಂಬಾ ಚಿಕ್ಕ ನಿಘಂಟುಗಳು ಈ ಅಂಕಿ ಬಿಟ್ಟುಬಿಡುತ್ತವೆ. ಅಂಥದ್ದನ್ನು ಈ ಕೆಲಸಕ್ಕೆ ಇಟ್ಟುಕೊಳ್ಳಬೇಡಿ. ‘ಹೊತ್ತ’ ಬೋರ್‌ನ ಮೂಲ ಮಾತ್ರ ಅಲ್ಲಿ ಸಿಗುವುದಿಲ್ಲ, ಏಕೆಂದರೆ ಅದು ‘ಬೇರ್’ ಎಂಬ ಕ್ರಿಯಾಪದದ ಭೂತಕಾಲ. ಬೇರ್ ಅಡಿಯಲ್ಲಿ ಹುಡುಕಬೇಕು.

ಹಂತ 4: ದೊಡ್ಡ ಕುಟುಂಬದಿಂದ ಶುರು ಮಾಡಿ

ತೂತಿನ ಬೋರ್ ಬಲು ಹಳೆಯದು. ಹಳೆಯ ಇಂಗ್ಲಿಷಿನಲ್ಲಿ ಅದು ‘ಬೋರಿಯನ್’, ಅಂದರೆ ತೂತು ಕೊರೆ. ಜರ್ಮನ್ನಿನಲ್ಲಿ ಇವತ್ತಿಗೂ ‘ಬೋರೆನ್’. ಲ್ಯಾಟಿನ್ನಿನಲ್ಲಿ ಇದರ ಸೋದರ ‘ಫೋರಾರೆ’. ಅದರಿಂದಲೇ ‘ಪರ್ಫೊರೇಶನ್’ ಬಂತು. ಅಂಚೆ ಚೀಟಿಯ ಹಾಳೆಯಲ್ಲಿ ಹರಿಯಲು ಸುಲಭವಾಗಲಿ ಎಂದು ಸಾಲಾಗಿ ಹೊಡೆದ ಸಣ್ಣ ತೂತುಗಳಿರುತ್ತವಲ್ಲ, ಅದು. ಆ ತೂತಿಗೂ ನಮ್ಮ ತೋಟದ ತೂತಿಗೂ ಒಂದೇ ಬೇರು.

ಈ ಕುಟುಂಬದೊಳಗೆ ಅರ್ಥ ಹರಿದ ದಾರಿ ನೋಡಿ. ಮೊದಲು ಕೊರೆಯುವ ಕೆಲಸ. ಆಮೇಲೆ ಕೊರೆದಾಗ ಆಗುವ ತೂತು. ಆಮೇಲೆ ಆ ತೂತಿನ ಅಗಲ. ಈ ಮೂರನೆಯ ಮೆಟ್ಟಿಲು ಅರ್ಥವಾದರೆ ಕೋವಿ, ಬೈಕು ಎರಡೂ ತಾನಾಗಿ ತೆರೆದುಕೊಳ್ಳುತ್ತವೆ.

ಟ್ವೆಲ್ವ್ ಬೋರ್ ಎಂದರೇನು? ನಳಿಗೆ 12 ಇಂಚೂ ಅಲ್ಲ, 12 ಮಿಲಿಮೀಟರೂ ಅಲ್ಲ. ಒಂದು ಪೌಂಡ್ ಸೀಸವನ್ನು, ಅಂದರೆ ಸುಮಾರು 454 ಗ್ರಾಂ, ಸಮನಾದ 12 ಗುಂಡುಗಳಾಗಿ ಮಾಡಿ. ಒಂದೊಂದು ಗುಂಡು 38 ಗ್ರಾಂ ಹತ್ತಿರ ಬರುತ್ತದೆ. ಅಂಥ ಒಂದು ಗುಂಡು ಯಾವ ನಳಿಗೆಯಲ್ಲಿ ಸರಿಯಾಗಿ ಕೂರುತ್ತದೋ ಅದು ಟ್ವೆಲ್ವ್ ಬೋರ್. ಅಗಲ ಸುಮಾರು 18.5 ಮಿಲಿಮೀಟರ್. ಹಾಗಾಗಿ ಅಂಕಿ ಜಾಸ್ತಿಯಾದಷ್ಟೂ ನಳಿಗೆ ಸಣ್ಣದು. 20 ಬೋರ್ ಎಂದರೆ ಪೌಂಡಿಗೆ 20 ಗುಂಡು, ಅಗಲ 15.6 ಮಿಲಿಮೀಟರ್. ಕೊಡಗಿನಲ್ಲಿ ಕೈಲ್‌ಪೊಳ್ದ್ ಹಬ್ಬದ ದಿನ ಹೂವಿಟ್ಟು ಕೋವಿಗೆ ಪೂಜೆ ಮಾಡುವ ಮನೆಗಳಲ್ಲಿ ಈ ಪದ ದಿನನಿತ್ಯದ ಪದ. ಗೆಳೆಯನಿಗೆ ಈ ಸೀಸದ ಲೆಕ್ಕ ಹೇಳಿದಾಗ ಅವನು ಅಜ್ಜನ ಕೋವಿಯನ್ನು ಮತ್ತೊಮ್ಮೆ ಕೈಗೆತ್ತಿಕೊಂಡು ನಳಿಗೆಯೊಳಗೆ ಇಣುಕಿ ನೋಡಿದ.

ಬೈಕಿನ ಬೋರ್ ಎಂದರೆ ಸಿಲಿಂಡರಿನ ಒಳ ಅಗಲ. ಹೀರೋ ಹೋಂಡಾ ಸ್ಪ್ಲೆಂಡರ್ ಗೊತ್ತಲ್ವಾ? ಅದರ ಬೋರ್ 50 ಮಿಲಿಮೀಟರ್. ಪಿಸ್ಟನ್ ಓಡಾಡುವ ಉದ್ದ, ಅಂದರೆ ಸ್ಟ್ರೋಕ್, 49.5 ಮಿಲಿಮೀಟರ್. ಈ ಎರಡರಿಂದ ಸಿಲಿಂಡರಿನ ಗಾತ್ರ ಲೆಕ್ಕ ಹಾಕಿದರೆ 97.2 ಸಿಸಿ ಬರುತ್ತದೆ. ಓಡಿಸಿ ಓಡಿಸಿ ಸಿಲಿಂಡರಿನ ಗೋಡೆ ಸವೆದಾಗ ಅದನ್ನು ಮತ್ತೆ ನುಣ್ಣಗೆ ಕೊರೆದು, ಸ್ವಲ್ಪ ದೊಡ್ಡ ಪಿಸ್ಟನ್ ಹಾಕಬೇಕಾಗುತ್ತದೆ. ಮೆಕ್ಯಾನಿಕ್ “ಬೋರ್‌ಗೆ ಬಂದಿದೆ” ಅಂದದ್ದು ಇದನ್ನೇ. ನೋಡಿ, ಅವರ ಬಾಯಲ್ಲಿ ಪದ ಅಗಲದಿಂದ ಮತ್ತೆ ಕೊರೆಯುವ ಕೆಲಸಕ್ಕೇ ವಾಪಸ್ ಹೋಗಿದೆ.

ಕಾಫಿಯ ಬೋರರ್ ಎಂದರೆ ಕಾಂಡ ಕೊರಕ ಹುಳು. ಅರೇಬಿಕಾ ಗಿಡದ ಕಾಂಡದೊಳಗೆ ಸುರಂಗ ಮಾಡಿಕೊಂಡು ಹೋಗುತ್ತದೆ. ಇದಕ್ಕೆ ಜಾಸ್ತಿ ವಿವರಣೆ ಬೇಕಿಲ್ಲ, ಕನ್ನಡದ ಹೆಸರೇ ಎಲ್ಲ ಹೇಳುತ್ತದೆ.

ಹಂತ 5: ವರ್ಷ ಕೇಳಿ

ಪ್ರತಿ ಅರ್ಥಕ್ಕೂ ಕೇಳಬೇಕಾದ ಪ್ರಶ್ನೆ: ಇದು ಬರಹದಲ್ಲಿ ಮೊದಲು ಯಾವಾಗ ಕಾಣುತ್ತದೆ? ತೂತಿನ ಬೋರ್‌ಗೆ ಸಾವಿರಕ್ಕೂ ಹೆಚ್ಚು ವರ್ಷ. ಬೇಜಾರಿನ ಬೋರ್ ಮಾತ್ರ 18ನೇ ಶತಮಾನದ ಕೂಸು. 1768ರ ಒಂದು ಪತ್ರದಲ್ಲಿ ಇಂಗ್ಲೆಂಡಿನ ಒಬ್ಬ ಶ್ರೀಮಂತ, ಕೆಲವು ಫ್ರೆಂಚರ ಜೊತೆ ಬೋರ್ ಆಗಲಿರುವ ತನ್ನ ಗೆಳೆಯರ ಬಗ್ಗೆ ಮರುಕ ಪಡುತ್ತಾನೆ. ಅದಕ್ಕೂ ಹಿಂದೆ ಹೋದರೆ ಹಾದಿ ಕಡಿದುಹೋಗುತ್ತದೆ. ನಿಘಂಟುಗಳು ಇಲ್ಲಿ ನೇರವಾಗಿ ‘ಮೂಲ ತಿಳಿಯದು’ ಎಂದು ಬರೆಯುತ್ತವೆ. ಕೊರೆಯುವ ಬೋರ್‌ನಿಂದಲೇ ಇದು ಬಂದಿರಬಹುದು ಎಂಬುದು ಒಂದು ಊಹೆ.

ಈ ಊಹೆಯನ್ನು ಓದಿದಾಗ ನಾನು ಕುರ್ಚಿಯಿಂದ ಎದ್ದೇ ಬಿಟ್ಟೆ. ಏಕೆಂದರೆ ಕನ್ನಡದಲ್ಲಿ ಇದು ಕಣ್ಣೆದುರೇ ಆಗಿದೆ!

‘ಕೊರೆ’ ಎಂಬ ನಮ್ಮ ಪದ ನೋಡಿ. ಮರ ಕೊರೆ, ಬಂಡೆ ಕೊರೆ, ಬೋರ್ ಕೊರೆ. ಸಮುದ್ರ ದಡವನ್ನು ತಿಂದರೆ ಕಡಲ್ಕೊರೆತ. ಮಳೆನೀರು ನೆಲ ಕೊರೆದರೆ ಕೊರಕಲು. ಮಾಗಿಯಲ್ಲಿ ಕೊರೆಯುವ ಚಳಿ. ಮತ್ತೆ ಒಬ್ಬ ಭಾಷಣಕಾರ ಮೈಕ್ ಹಿಡಿದು ಬಿಡದೇ ಇದ್ದರೆ? “ಎರಡು ಗಂಟೆ ಕೊರೆದ.” “ಸಾಕು, ತಲೆ ಕೊರೀಬೇಡ.” ಉದ್ದದ ನೀರಸ ಮಾತಿಗೆ ಹೆಸರೇ ಕೊರೆತ. ತೂತು ಮಾಡುವ ಪದವೇ ಬೇಜಾರು ಮಾಡುವ ಪದ ಆಗಿದೆ. ಕಾರಣವೂ ಗೊತ್ತಾಗುತ್ತದೆ. ಒಂದೇ ಜಾಗ, ಒಂದೇ ಸದ್ದು, ಬಿಡದೆ ಒಳಗೆ ಇಳಿಯುವುದು.

ಇಲ್ಲಿ ಒಂದು ಪ್ರಶ್ನೆ ಹಾಕಿಕೊಳ್ಳಲೇಬೇಕು. ಕನ್ನಡ ಇದನ್ನು ಇಂಗ್ಲಿಷ್ ನೋಡಿ ಕಲಿತಿರಬಹುದಲ್ಲ? ಅದಕ್ಕೆ ಬೇರೆ ಭಾಷೆಗಳನ್ನೂ ವಿಚಾರಿಸಬೇಕು. ತಮಿಳಿನಲ್ಲಿ ಬೇಜಾರಿನ ಮಾತಿಗೆ ‘ಅರುವೈ’ ಎನ್ನುತ್ತಾರೆ, ಅಂದರೆ ಕೊಯ್ಯುವುದು. ಫ್ರೆಂಚಿನಲ್ಲಿ ‘ರಾಸೆ’ ಎಂದರೆ ಗಡ್ಡ ಬೋಳಿಸು, ಬೇಜಾರು ಮಾಡು, ಎರಡೂ. ನಮ್ಮ ಕಾಲೇಜು ಹುಡುಗರು “ಕುಯ್ಬೇಡ ಗುರು” ಅನ್ನುವುದಿಲ್ವಾ? ಒಬ್ಬರು ಕೊರೆಯುತ್ತಾರೆ, ಒಬ್ಬರು ಕುಯ್ಯುತ್ತಾರೆ, ಒಬ್ಬರು ಬೋಳಿಸುತ್ತಾರೆ. ಬರೀ ಅನುವಾದ ಆಗಿದ್ದರೆ ಎಲ್ಲ ಕಡೆ ಕೊರೆಯುವುದೇ ಇರಬೇಕಿತ್ತು. ಹರಿತವಾದ ಬೇರೆ ಬೇರೆ ಸಾಮಾನು ಬಂದಿರುವುದರಿಂದ, ಜನ ಅಲ್ಲಲ್ಲಿ ತಾವೇ ಈ ಹೋಲಿಕೆಗೆ ಬಂದರು ಎಂದು ನನಗನ್ನಿಸುತ್ತದೆ. ಇದು ಇಂಗ್ಲಿಷ್ ಬೋರ್‌ನ ಮೂಲಕ್ಕೆ ಪುರಾವೆ ಆಗುವುದಿಲ್ಲ. ಪುರಾವೆ ಎಂದರೆ 1768ಕ್ಕಿಂತ ಹಿಂದಿನ, ಎರಡೂ ಅರ್ಥ ಕೂಡುವ ಒಂದು ವಾಕ್ಯ. ಆದರೆ ಊಹೆ ನಡೆಯುವಂಥದ್ದೇ ಎಂದು ಕನ್ನಡ ತೋರಿಸಿಕೊಡುತ್ತದೆ. ಅಣ್ಣನ ಮಗಳಿಗೆ ನಾನು ಕೊಟ್ಟ ಉತ್ತರವೂ ಇದೇ: ಇಂಗ್ಲಿಷಿನ ಬೋರ್‌ನಲ್ಲಿ ಖಾತ್ರಿ ಇಲ್ಲ, ಕನ್ನಡದ ‘ಕೊರೆ’ಯಲ್ಲಿ ಮಾತ್ರ ಎರಡೂ ಒಂದೇ.

ವರ್ಷ ಕೇಳುವುದರಿಂದ ಇನ್ನೊಂದು ಲಾಭ ಇದೆ. ಬೇಜಾರಿಗೆ ಇಂಗ್ಲಿಷಿನಲ್ಲಿರುವ ‘ಬೋರ್ಡಮ್’ ಎಂಬ ಪದವನ್ನು ಚಾರ್ಲ್ಸ್ ಡಿಕನ್ಸ್ 1852ರಲ್ಲಿ ಹುಟ್ಟಿಸಿದರು ಎಂದು ಎಷ್ಟೋ ಕಡೆ ಬರೆದಿರುತ್ತಾರೆ. ಅದಕ್ಕಿಂತ ಮೊದಲೇ ಆ ಪದ ಅಚ್ಚಾಗಿದೆ. ದೊಡ್ಡ ಲೇಖಕರ ಹೆಸರು ಕಂಡಾಗಲೆಲ್ಲ ವರ್ಷವನ್ನು ಮತ್ತೊಮ್ಮೆ ನೋಡಿ.

ಹಂತ 6: ನೆಂಟರನ್ನು ಹುಡುಕಿ

ಉಳಿದ ಎರಡು ಗುಂಪು ಅಲೆ ಮತ್ತು ಹೊರೆ. ಇವೆರಡಕ್ಕೂ ಏನೂ ಸಂಬಂಧ ಇಲ್ಲ ಎಂದೇ ನಾನು ಅಂದುಕೊಂಡಿದ್ದೆ.

ಅಲೆಯ ಬೋರ್ ಸ್ಕ್ಯಾಂಡಿನೇವಿಯಾದ ಹಳೆಯ ನಾರ್ಸ್ ಭಾಷೆಯ ‘ಬಾರಾ’ ಎಂಬ ಪದದಿಂದ ಬಂದಿರಬೇಕು ಎನ್ನುತ್ತಾರೆ. ಬಾರಾ ಎಂದರೆ ಅಲೆ. ಬಾಯಿ ಅಗಲವಾಗಿ, ಒಳಗೆ ಹೋದಂತೆ ಕಿರಿದಾಗುವ ನದಿಯಲ್ಲಿ ದೊಡ್ಡ ಉಬ್ಬರದ ನೀರು ಒತ್ತಿಕೊಂಡು ಗೋಡೆಯ ಹಾಗೆ ಮೇಲಕ್ಕೆ ನುಗ್ಗುತ್ತದೆ. ಇಂಗ್ಲೆಂಡಿನ ಸೆವರ್ನ್, ಚೀನಾದ ಚಿಯಾನ್‌ಟಾಂಗ್ ನದಿಗಳು ಇದಕ್ಕೆ ಹೆಸರುವಾಸಿ. ನಮ್ಮ ದೇಶದಲ್ಲಿ ಕೋಲ್ಕತ್ತದ ಹೂಗ್ಲಿಯಲ್ಲಿ ನೋಡಬಹುದು. ಬಂಗಾಳಿಗಳು ‘ಬಾನ್’ ಎನ್ನುತ್ತಾರೆ.

ಹೊತ್ತ ಬೋರ್ ‘ಬೇರ್’ನಿಂದ ಬಂತು ಎಂದೆನಲ್ಲ. ಇಲ್ಲಿ ಒಂದು ಸಣ್ಣ ಸೂತ್ರ ಕಲಿತುಕೊಳ್ಳಿ, ಬಹಳ ಉಪಯೋಗಕ್ಕೆ ಬರುತ್ತದೆ. ಪದದ ಮೊದಲಲ್ಲಿ ಸಂಸ್ಕೃತದ ಭ ಇದ್ದರೆ ಲ್ಯಾಟಿನ್ನಿನಲ್ಲಿ ಫ, ಇಂಗ್ಲಿಷಿನಲ್ಲಿ ಬ. ಭ್ರಾತೃ, ಫ್ರಾಟರ್, ಬ್ರದರ್. ಭರತಿ, ಫೆರೊ, ಬೇರ್. ಅಂದರೆ ನಾವು ದಿನಾ ಆಡುವ ‘ಭಾರ’, ‘ಭರಿಸು’ ಈ ಬೇರ್‌ನ ನೆಂಟರು. ಈ ಭಾಷೆಗಳಿಗೆ ಒಂದೇ ಮೂಲ ಇರಬೇಕು ಎಂದು ವಿಲಿಯಂ ಜೋನ್ಸ್ 1786ರಲ್ಲಿ ಕೋಲ್ಕತ್ತದಲ್ಲಿ ಭಾಷಣ ಮಾಡಿದರು. ಜರ್ಮನಿಯ ಯಾಕೋಬ್ ಗ್ರಿಮ್ 1822ರಲ್ಲಿ ಇಂಥ ಧ್ವನಿ ಬದಲಾವಣೆಗಳ ನಿಯಮಗಳನ್ನು ವಿಸ್ತಾರವಾಗಿ ಬರೆದರು.

ನಾರ್ಸ್‌ನ ಬಾರಾ ಕೂಡ ಇದೇ ಬೇರಿಗೆ ಸೇರುತ್ತದೆ. ಎತ್ತಿ ಹೊತ್ತುಕೊಂಡು ಬರುವುದೇ ಅಲೆ. ದೂರದೂರ ಇಟ್ಟಿದ್ದ ನನ್ನ ಎರಡು ಚೀಟಿಗಳು ಅವತ್ತು ಪಕ್ಕಪಕ್ಕ ಬಂದವು.

ಹಂತ 7: ಸದ್ದು ಒಂದೇ ಎಂದು ನಂಬಬೇಡಿ

ಹೊಸಬರು ಎಡವುವುದು ಇಲ್ಲಿ. ಭಾರ ನೆಂಟ ಎಂದು ಗೊತ್ತಾದ ಕೂಡಲೇ, ಹಾಗಾದರೆ ನಮ್ಮ ‘ಹೊರು’ ಕೂಡ ನೆಂಟನೇ ಅನ್ನಿಸುತ್ತದೆ. ಅಲ್ಲ. ಹೊರು ಹಳಗನ್ನಡದಲ್ಲಿ ‘ಪೊಱು’. ಅಚ್ಚ ದ್ರಾವಿಡ ಪದ. 1894ರ ಕಿಟೆಲ್ ನಿಘಂಟು ಇಂಟರ್ನೆಟ್ಟಿನಲ್ಲಿ ಉಚಿತವಾಗಿ ಸಿಗುತ್ತದೆ. ಅನುಮಾನ ಬಂದಾಗ ಹಳೆಯ ರೂಪ ಅಲ್ಲಿ ನೋಡಿ. ‘ಹ’ ಹಿಂದೆ ‘ಪ’ ಆಗಿತ್ತು ಎಂದು ಗೊತ್ತಾದರೆ ಅರ್ಧ ಗೊಂದಲ ಹೋಗುತ್ತದೆ.

ಬೋರಲು ಮಲಗುವುದು, ದಿಣ್ಣೆಗೆ ಹೇಳುವ ಬೋರೆ, ಇವೂ ಬೇರೆ. ಭೌತಶಾಸ್ತ್ರದ ಪಾಠದಲ್ಲಿ ಬರುವ ಬೋರ್ ಮಾದರಿ 1913ರಲ್ಲಿ ಡೆನ್ಮಾರ್ಕಿನ ನೀಲ್ಸ್ ಬೋರ್ ಕೊಟ್ಟದ್ದು. ಅಲ್ಲಿ ಬೋರ್ ಮನೆತನದ ಹೆಸರು. ಇಂಗ್ಲಿಷಿನಲ್ಲಿ ಬರೆಯುವುದೇ ಬೇರೆ ಅಕ್ಷರಗಳಲ್ಲಿ, ಕನ್ನಡ ಲಿಪಿಗೆ ಬಂದಾಗ ಒಂದೇ ಆಗಿದೆ. ಕಾಡುಹಂದಿಯ ಬೋರ್ ಕೂಡ ಹಾಗೇ, ಕಾಗುಣಿತ ನೋಡಿದರೆ ಗೊತ್ತಾಗುತ್ತದೆ.

ನಮ್ಮ ಕಡೆಯವರಿಗೆ ಒಂದು ವಿಶೇಷ ಎಚ್ಚರಿಕೆ. ಬಂಗಾರಪೇಟೆಗೆ ಹಿಂದೆ ಬೌರಿಂಗ್‌ಪೇಟೆ ಎಂಬ ಹೆಸರಿತ್ತು. ರೈಲು ನಿಲ್ದಾಣದ ಸಂಕೇತ ಇವತ್ತಿಗೂ ಬಿ-ಡಬ್ಲ್ಯೂ-ಟಿ. ಕೋಲಾರದ ಕಡೆ ಬೋರು ಜಾಸ್ತಿ, ಸಾವಿರ ಅಡಿ ದಾಟಿದ ಬೋರುಗಳೂ ಅಪರೂಪ ಅಲ್ಲ. ಅದಕ್ಕೇ ಆ ಹೆಸರು ಬೋರಿಂಗ್‌ನಿಂದ ಬಂದಿರಬೇಕು ಅಂದುಕೊಳ್ಳುವುದು ಸುಲಭ. ನಿಜ ಅಲ್ಲ. 1862ರಿಂದ 1870ರವರೆಗೆ ಮೈಸೂರಿನ ಕಮಿಷನರ್ ಆಗಿದ್ದ ಲೂಯಿನ್ ಬೌರಿಂಗ್ ಅವರ ಹೆಸರು ಅದು. ಬೆಂಗಳೂರಿನ ಬೌರಿಂಗ್ ಆಸ್ಪತ್ರೆಯೂ ಅವರ ಹೆಸರಿನದೇ.

ಹಂತ 8: ಪದದ ಮನೆ ಬದಲಾದ ಮೇಲೆ

ಕನ್ನಡಕ್ಕೆ ಬಂದ ಪದ ಸುಮ್ನೆ ಕೂರುವುದಿಲ್ಲ. ಕೊನೆಗೆ ಉಕಾರ ಅಂಟಿಸಿಕೊಂಡು ‘ಬೋರು’ ಆಯಿತು. ಬಾವಿ ಎಂಬರ್ಥದ ‘ವೆಲ್’ ಉದುರಿಹೋಗಿ, ತೂತೇ ಬಾವಿಯ ಹೆಸರಾಯಿತು. ಕೈಪಂಪಿಗೂ ಎಷ್ಟೋ ಊರಲ್ಲಿ ‘ಬೋರಿಂಗು’ ಎನ್ನುತ್ತಾರೆ. ಸರಕಾರಿ ಕಾಗದದಲ್ಲಿ ‘ಕೊಳವೆ ಬಾವಿ’ ಇದೆ. ಒಳ್ಳೆಯ ಪದವೇ, ನೋಡಿದ ಕೂಡಲೇ ಅರ್ಥವಾಗುತ್ತದೆ. ಆದರೆ ತೋಟದಲ್ಲಿ ಗೆದ್ದದ್ದು ಎರಡಕ್ಷರದ ಬೋರು. ಇಂಥ ಬದಲಾವಣೆಯನ್ನೂ ಚೀಟಿಯಲ್ಲಿ ಬರೆಯಿರಿ. ನಿಘಂಟಿನಲ್ಲಿ ಸಿಗದೆ ನಿಮಗೆ ಮಾತ್ರ ಸಿಗುವುದು ಇದೇ.

ಈಗ ನಿಮ್ಮ ಸರದಿ

ಶುರು ಮಾಡಲು ಮೂರು ಪದ ಕೊಡುತ್ತೇನೆ, ಜೊತೆಗೆ ಒಂದೊಂದು ಸುಳಿವು.

ಮ್ಯಾಚ್: ಕ್ರಿಕೆಟ್ ಮ್ಯಾಚು, ಸೀರೆಗೆ ಮ್ಯಾಚಿಂಗ್ ಬ್ಲೌಸು ಒಂದೇ ಕುಟುಂಬ. ಹಳೆಯ ಇಂಗ್ಲಿಷಿನಲ್ಲಿ ಅದರ ಅರ್ಥ ಜೊತೆಗಾರ, ಸರಿಸಾಟಿ. ಬೆಂಕಿಪೊಟ್ಟಣದ ಮ್ಯಾಚ್ ಬೇರೆ. ಅದು ಫ್ರೆಂಚಿನಿಂದ ಬಂದ ಬತ್ತಿ. ಗೀರಿದರೆ ಹತ್ತುವ ಕಡ್ಡಿಯನ್ನು ಇಂಗ್ಲೆಂಡಿನ ಜಾನ್ ವಾಕರ್ ಮಾರಲು ಶುರು ಮಾಡಿದ್ದು 1827ರಲ್ಲಿ. ಬತ್ತಿಯ ಹೆಸರು ಅದಕ್ಕಿಂತ ಎಷ್ಟು ಹಳೆಯದು, ಹುಡುಕಿ.

ಪೆನ್: ಲ್ಯಾಟಿನ್ನಿನಲ್ಲಿ ‘ಪೆನ್ನಾ’ ಎಂದರೆ ಗರಿ. ಪೆನ್ಸಿಲ್ ಮಾತ್ರ ಇದರ ತಮ್ಮ ಅಲ್ಲ. ಅದು ಸಣ್ಣ ಬಾಲ, ಅಂದರೆ ಕುಂಚ ಎಂಬರ್ಥದ ಪದದಿಂದ ಬಂತು. ಪೆನಿಸಿಲಿನ್ ಔಷಧಿ ಅದರ ನೆಂಟ.

ಡೇಟ್: ರೋಮನ್ನರು ಪತ್ರದಲ್ಲಿ, ಇಂಥ ದಿನ ಇಂಥ ಊರಲ್ಲಿ ‘ಕೊಟ್ಟದ್ದು’ ಎಂದು ಬರೆಯುತ್ತಿದ್ದರು. ಆ ‘ಕೊಟ್ಟದ್ದು’ ಎಂಬ ಪದವೇ ‘ಡಾಟಾ’. ಇದರ ಸಂಸ್ಕೃತದ ಸೋದರ ‘ದತ್ತ’. ಡೇಟಾ ಎಂಬುದಕ್ಕೆ ನಾವು ‘ದತ್ತಾಂಶ’ ಎಂದು ಕನ್ನಡ ಮಾಡಿಕೊಂಡದ್ದು ಎಷ್ಟು ಸರಿಯಾಗಿ ಕೂತಿದೆ ನೋಡಿ. ಖರ್ಜೂರದ ಡೇಟ್ ಬೇರೆ. ಗ್ರೀಕಿನಲ್ಲಿ ಬೆರಳಿಗೆ ಏನೆನ್ನುತ್ತಾರೆ ಎಂಬಲ್ಲಿಂದ ಶುರು ಮಾಡಿ.

ಅಣ್ಣನ ಮಗಳು ಡೇಟ್ ತೆಗೆದುಕೊಂಡಿದ್ದಾಳೆ. ಈಗಾಗಲೇ 11 ಚೀಟಿ ಆಗಿವೆ.